ಬಾಗಿಲಲ್ಲಿ ನಿಲ್ಲಬೇಡ

ವಿಮಾನ ನಿಲ್ದಾಣದೊಳಗಿನ ಆ ಜಪಾನೀ ತಿಂಡಿ ಅಂಗಡಿಗೆ ಯಾರು ಕಾಲಿಟ್ಟರೂ ಅಡುಗೆಯವರು, ತಟ್ಟೆ ತೊಳೆಯುವವರು, ಗಲ್ಲಾದಲ್ಲಿ ಕೂತ ಹುಡುಗಿ ಎಲ್ಲರೂ ಒಂದೇ ಉಸಿರಿಗೆ ಏನೋ ಕೂಗುತ್ತಿದ್ದರು. ಊರಲ್ಲಿ ಬಟ್ಟೆ ಹೊಲಿಯುವ ಟೈಲರ್, ತಾನೇ ಏನೋ ತಪ್ಪು ಮಾಡಿದೆನೆಂದು ಹೊರಗೆ ಹೋಗಿ ಮತ್ತೆ ಬಂದ. ಅವರು ಮತ್ತೆ ಕೂಗಿದರು. ಅದು ‘ಬನ್ನಿ, ಬನ್ನಿ’ ಅಂದ ಹಾಗೆ ಎಂದು ಪಕ್ಕದ ಮೇಜಿನವರು ತಿಳಿಸಿಕೊಟ್ಟರು.

“ನೋಡಿದ್ಯಾ, ಗುರುತು ಪರಿಚಯ ಇಲ್ಲದವರಿಗೂ ಬಾ ಅಂತಾರೆ,” ಎಂದ ಹೆಂಡತಿಗೆ.

ಮಾತು ಯಾವ ಕಡೆ ಹೊರಟಿದೆ ಎಂದು ಹೆಂಡತಿಗೆ ಗೊತ್ತಿತ್ತು. ಅವಳು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ನಿವೃತ್ತಿಯಾದರೂ ಕಂಡಕ್ಟರಮ್ಮ ಎಂಬ ಹೆಸರು ಅವಳನ್ನು ಬಿಟ್ಟು ಇಳಿದಿರಲಿಲ್ಲ. ಹೊಸ ಮನೆಗೆ ಸಾಮಾನು ಸಾಗಿಸಿದ ದಿನ ತಂಗಿ ಬಂದು ಬಾಗಿಲಲ್ಲಿ ನಿಂತರೆ ಇವಳು ‘ಬಾ’ ಅನ್ನಲಿಲ್ಲ. ಕೈತುಂಬ ಪಾತ್ರೆ ಇತ್ತು, ಒಡಹುಟ್ಟಿದವಳಿಗೆ ಬೇರೆ ಕರೆಯಬೇಕೇ ಎಂಬುದು ಇವಳ ವಾದ. ಬೆನ್ನಹಿಂದೆಯೇ ಬಂದ ಪ್ಲಂಬರಿಗೆ ಮಾತ್ರ ‘ಬನ್ನಿ’ ಅಂದಳಲ್ಲ ಎಂಬುದು ತಂಗಿಯ ವಾದ. ಎರಡೂ ನಿಜವೇ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಈಗ ತಾಯಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಬಂದರೆ ಇಬ್ಬರೂ ಜೊತೆಗೆ ಬನ್ನಿ, ಇಲ್ಲದಿದ್ದರೆ ಯಾರ ಮುಖವೂ ಬೇಡ ಎಂದು ಫೋನಿನಲ್ಲೇ ಹೇಳಿ ಇಟ್ಟುಬಿಟ್ಟಿದ್ದಾಳೆ. ಟೈಲರ್ ಒಂದೇ ವಿಮಾನಕ್ಕೆ ಟಿಕೆಟ್ ಮಾಡಿಸಿ, ನಾದಿನಿಗೆ ಈ ಅಂಗಡಿಯ ಗುರುತು ಹೇಳಿದ್ದ. ಅಕ್ಕ ಬಾ ಅಂದರೆ ವಿಮಾನ ಹತ್ತುತ್ತೇನೆ, ಇಲ್ಲವಾದರೆ ಬಂದ ದಾರಿ ಹಿಡಿಯುತ್ತೇನೆ ಎಂದಿದ್ದಳು ಅವಳು.

ಟೈಲರ್ ಇದನ್ನೆಲ್ಲ ಹೆಂಡತಿಗೆ ಒಪ್ಪಿಸುವಷ್ಟರಲ್ಲಿ ನೂಡಲ್ಸ್ ಬಂತು. ಕಂಡಕ್ಟರಮ್ಮ ಒಂದೆಳೆ ಬಾಯಿಗಿಟ್ಟಳು. ರೀಲಿನಿಂದ ದಾರ ಬಂದ ಹಾಗೆ ಅದು ಬರುತ್ತಲೇ ಇತ್ತು.

ಅಷ್ಟರಲ್ಲಿ ಅಂಗಡಿಯವರು ಕೂಗಿದರು. ಬಾಗಿಲಲ್ಲಿ ತಂಗಿ, ಸೂಟ್‌ಕೇಸ್ ಸಮೇತ. ಅವಳು ಹೊಸ್ತಿಲು ದಾಟಲಿಲ್ಲ. ಹಿಂದೆ ಜನ ಸೇರಿದರು.

“ಇವರೆಲ್ಲ ಕರೆದ್ರು ಭಾವ,” ಎಂದಳು. “ಕರೀಬೇಕಾದವರು ಕರೀಲಿಲ್ಲ.”

ಸೂಟ್‌ಕೇಸನ್ನು ಹಿಂದಕ್ಕೆ ತಿರುಗಿಸಿದಳು. ಕಂಡಕ್ಟರಮ್ಮನ ಬಾಯಿಂದ ಬಟ್ಟಲಿನವರೆಗೆ ಎಳೆ ಜೋತಾಡುತ್ತಿತ್ತು. ಟೈಲರನ ಕೈ ತಾನಾಗಿ ಕತ್ತರಿ ಇರುವ ಜೇಬಿಗೆ ಹೋಯಿತು. ಕತ್ತರಿಯನ್ನು ತಪಾಸಣೆಯಲ್ಲಿ ಇಟ್ಟುಕೊಂಡಿದ್ದರು.

“ಕಚ್ಚೇ,” ಎಂದ.

ಕಚ್ಚಿದಳು. ಬಸ್ಸಿನಲ್ಲಿ ಸವೆದು ಗಟ್ಟಿಯಾದ ದನಿ ಹೊರಬಂತು.

“ಒಳಗೆ ಬಾ, ಒಳಗೆ ಬಾ. ಮುಂದೆ ಜಾಗ ಇದೆ. ಬಾಗಿಲಲ್ಲಿ ನಿಲ್ಬೇಡ.”

ಬಾಗಿಲಲ್ಲಿದ್ದವರೆಲ್ಲ ತೆಪ್ಪಗೆ ಒಳಗೆ ಬಂದರು. ಇಬ್ಬರು ಗಗನಸಖಿಯರು, ಮಗು ಎತ್ತಿಕೊಂಡ ದಂಪತಿ, ಕಾಫಿ ಹಿಡಿದು ಸುಮ್ಮನೆ ಆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ. ಅಡುಗೆಯವರು ಕೂಗುವುದನ್ನೇ ಮರೆತರು.

ಆ ನೂಕಿನಲ್ಲಿ ತಂಗಿಯೂ ಮೇಜಿನ ತನಕ ಬಂದಿದ್ದಳು. ಕೂರಲಿಲ್ಲ.

“ಇದು ನೀನು ಬಸ್ಸಿನವರಿಗೆ ಹೇಳೋ ಮಾತು.”

“ಬಸ್ಸಿನವರಿಗೆ ಬನ್ನಿ ಅಂತೀನಿ,” ಎಂದಳು ಕಂಡಕ್ಟರಮ್ಮ, ಬಟ್ಟಲು ನೋಡುತ್ತ. “ಪ್ಲಂಬರಿಗೂ ಬನ್ನಿ. ಬಾ ಅಂದಿದ್ದು ನಿನಗೆ.”

ತಂಗಿ ಬಾ, ಬನ್ನಿಗಳ ಲೆಕ್ಕ ಹಾಕಿ ಕುರ್ಚಿ ಎಳೆದುಕೊಂಡಳು. ಇದನ್ನ ತಿನ್ನೋದು ಹೇಗೆ ಎಂದು ಕೇಳಿದಳು. ಅರ್ಧದಲ್ಲಿ ಮಾತಾಡಬಾರದು ಎಂದಳು ಅಕ್ಕ.

ಕಾಫಿಯವನು ಇನ್ನೂ ನಿಂತೇ ಇದ್ದ. ಮುಂದೆ ಜಾಗ ಎಲ್ಲಿದೆಯಮ್ಮ ಎಂದು ವಿಚಾರಿಸಿದ. ಕಂಡಕ್ಟರಮ್ಮ ತಲೆಯೆತ್ತದೆ ಮೂಲೆಯ ಸ್ಟೂಲಿನ ಕಡೆ ಕೈ ತೋರಿಸಿದಳು.