ಒತ್ತದ ಕೈ

ಮನೆಯಲ್ಲಿ ಒಬ್ಬಳು ಬಸುರಿ ಇದ್ದರೆ ಓಣಿಯವರೆಲ್ಲ ಡಾಕ್ಟರೇ. ಒಬ್ಬರು ತುಪ್ಪ ತಿನ್ನು ಅನ್ನುತ್ತಾರೆ, ಇನ್ನೊಬ್ಬರು ಮುಟ್ಟಲೇಬೇಡ ಅನ್ನುತ್ತಾರೆ. ಅದೇ ಮನೆಯಲ್ಲಿ ಹೆರಿಗೆ ಮಾಡಿಸುವುದನ್ನು ಓದಿ ಕಲಿಯುತ್ತಿರುವ ಸೊಸೆ ಇದ್ದರೆ, ಅವಳ ಮಾತನ್ನು ಮಾತ್ರ ಯಾರೂ ಕೇಳುವುದಿಲ್ಲ. ಹೈದರಾಬಾದಿನ ನಾಂಪಲ್ಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಆದದ್ದೂ ಹೀಗೆಯೇ. ನಾನು ಕೋಕಿಲಾ. ಗೋಡೆಗೆ ಗೋಡೆ ಹತ್ತಿದ ಮನೆ ನಮ್ಮದು, ಬೇಡವೆಂದರೂ ಎಲ್ಲ ಕೇಳಿಸುತ್ತದೆ.

ಆ ಮನೆಯ ಹಿರಿಯರು ಗಂಗೂಬಾಯಿ. ಮಗ ಪ್ರಾಣೇಶ ಸರಕಾರಿ ನೌಕರ. ಸೊಸೆ ಅಮಿತಾ ಸರಕಾರಿ ಆಸ್ಪತ್ರೆಯಲ್ಲಿ ಬಹಳ ವರ್ಷದಿಂದ ನರ್ಸ್. ಹೈದರಾಬಾದಿನಲ್ಲಿ ಮೆಟ್ರೊ ಹೊಸದಾಗಿ ಓಡುತ್ತಿದ್ದ ಕಾಲದಲ್ಲಿ ಅವಳನ್ನು ಮಿಡ್‌ವೈಫ್ ತರಬೇತಿಗೆ ಆರಿಸಿದರು. ಮಿಡ್‌ವೈಫ್ ಎಂದರೆ ಹೆರಿಗೆಯ ಕೆಲಸವನ್ನೇ ಓದಿ, ಮಾಡಿ ಕಲಿತವಳು. ಎಲ್ಲ ಸರಿಯಿದ್ದರೆ ತಾನೇ ಹೆರಿಗೆ ಮಾಡಿಸುತ್ತಾಳೆ, ತೊಂದರೆ ಕಂಡರೆ ತಡಮಾಡದೆ ಡಾಕ್ಟರನ್ನು ಕರೆಯುತ್ತಾಳೆ.

ಗಂಗೂಬಾಯಿಗೆ ಇದು ಒಗ್ಗಲಿಲ್ಲ.

"ಇಷ್ಟು ವರ್ಷ ನರ್ಸಾಗಿದ್ದಾಕಿ ಈಗ ಸೂಲಗಿತ್ತಿ ಆಗಾಕ ಹೊಂಟೀಯೇನು? ಮಂದಿ ಮುಂದ ಹೋದ್ರ ನೀ ಹಿಂದ ಹೊಂಟೀದಿ" ಅಂದರು.

ಅಭ್ಯಾಸಕ್ಕೆಂದು ಅಮಿತಾ ಪ್ಲಾಸ್ಟಿಕ್ಕಿನ ಸೊಂಟದ ಎಲುಬು ಮತ್ತು ಒಂದು ಬಟ್ಟೆಯ ಗೊಂಬೆ ತಂದಳು. ಎಲುಬು ಮನೆಯೊಳಗೆ ಬರಕೂಡದೆಂದು ಅತ್ತೆಯ ಹುಕುಂ ಆಯಿತು. ಪಾಪ, ಅವಳು ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಆ ಎಲುಬಿನೊಳಗಿಂದ ಗೊಂಬೆಯನ್ನು ತಿರುಗಿಸಿ ತಿರುಗಿಸಿ ಹೊರಗೆ ತೆಗೆಯುತ್ತಿದ್ದಳು. ನಾನು ಬಟ್ಟೆ ಒಣಹಾಕುತ್ತ ನೋಡುತ್ತ ನಿಲ್ಲುತ್ತಿದ್ದೆ.

ತರಬೇತಿಯ ಸಂಗತಿ ಅವಳು ನನಗೆ ಹೇಳಿದ್ದು ಅಲ್ಲಿಯೇ. ಮೊದಮೊದಲು ಕಲಿಸುವ ಮೇಡಂ, ಹಡೆಯುವವಳ ಪಾಡು ತಿಳಿಯಲಿ ಎಂದು, ಒಬ್ಬೊಬ್ಬ ನರ್ಸನ್ನೂ ಹೆರಿಗೆಯ ಟೇಬಲ್ಲಿನ ಮೇಲೆ ಅಂಗಾತ ಮಲಗಿಸಿದರಂತೆ. ಕಾಲು ಮೇಲೆ ಕಟ್ಟಿ, ಸುತ್ತ ನಿಂತವರಿಗೆ ಗದರಿಸಲು ಹೇಳಿದರಂತೆ. ನೀರು ಕೇಳಿದರೂ ಯಾರೂ ಕೊಡಲಿಲ್ಲವಂತೆ. ನೋವಿಲ್ಲ, ಬಸುರಿಲ್ಲ, ಆದರೂ ಅಮಿತಾಗೆ ಅಳು ಬಂತು. ಇಷ್ಟು ವರ್ಷ ಅವಳು ಟೇಬಲ್ಲಿನ ಪಕ್ಕದಲ್ಲಿ ನಿಂತಿದ್ದಳು, ಮೇಲೆ ಮಲಗಿ ನೋಡಿರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಕೈ ತಡೆಯುವುದು. ಹೆರಿಗೆ ತಡವಾದರೆ ಹೊಟ್ಟೆಯ ಮೇಲೆ ಬಲವಾಗಿ ಒತ್ತಿ ಕೂಸನ್ನು ಕೆಳಗೆ ನೂಕುವ ರೂಢಿ ಕೆಲವು ಕಡೆ ಇದೆ. ಹಾಗೆ ಒತ್ತಿದರೆ ತಾಯಿಗೂ ಕೂಸಿಗೂ ಪೆಟ್ಟಾಗಬಹುದು. ಅದನ್ನು ಬಿಡಬೇಕೆಂದು ಗೊತ್ತಿದ್ದರೂ ಅಮಿತಾಳ ಕೈ ತಾನಾಗಿ ಹೊಟ್ಟೆಯ ಕಡೆ ಹೋಗುತ್ತಿತ್ತಂತೆ. ಕೈ ಹಿಂದೆ ಕಟ್ಟಿಕೊಂಡು ನಿಲ್ಲು, ಕಣ್ಣು ಕಿವಿ ಮಾತ್ರ ಕೆಲಸ ಮಾಡಲಿ ಎಂದು ಮೇಡಂ ಹೇಳಿದ್ದರು.

ಆ ಹೊತ್ತಿಗೆ ಗಂಗೂಬಾಯಿಯ ಮಗಳು ಅಹಲ್ಯಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮಾದಾಪುರದ ಕಂಪನಿಯಲ್ಲಿ ಇಂಜಿನಿಯರ್. ಹೊಟ್ಟೆಯ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದ ಗಟ್ಟಿ ಹುಡುಗಿ, ಹೆರಿಗೆಯ ಮಾತು ಬಂದರೆ ಮಾತ್ರ ಬೆಳ್ಳಗಾಗುತ್ತಿದ್ದಳು. ಡಾಕ್ಟರು ತಪಾಸಣೆ ಮಾಡಿ ಎಲ್ಲ ಸರಿಯಿದೆ, ಸಹಜ ಹೆರಿಗೆ ಆಗಬಹುದು ಅಂದಿದ್ದರು. ಆದರೂ ಅವಳಿಗೆ ಆಪರೇಷನ್ನೇ ಬೇಕು. ಆಫೀಸಿನ ಗೆಳತಿಯರಿಗೆಲ್ಲ ಅದೇ ಆಗಿತ್ತು.

ಆಪರೇಷನ್ ಜೀವ ಉಳಿಸುತ್ತದೆ, ಬೇಕಾದಾಗ ಹಿಂದೆಮುಂದೆ ನೋಡಬಾರದು, ಆದರೆ ಬರೀ ಹೆದರಿಕೆಗೆ ಅದು ಮದ್ದಲ್ಲ ಎಂದು ಅಮಿತಾ ತಿಳಿಹೇಳಿದಳು. ತಾನು ಕಲಿಯುವ ಆಸ್ಪತ್ರೆಯಲ್ಲಿ ಓಡಾಡಬಹುದು, ನೀರು ಕುಡಿಯಬಹುದು, ಮನೆಯವರೊಬ್ಬರು ಜೊತೆಗಿರಬಹುದು, ಮಲಗಲೇಬೇಕೆಂದಿಲ್ಲ ಅಂದಳು.

"ಮಲಗಲಾರದ ಹಡೀತಾರೇನು?" ಅಂದರು ಗಂಗೂಬಾಯಿ.

"ಮಲಕೊಂಡು ಹೊರಕಡಿಗೆ ಹೋಗಾಕ ಬರತೈತೇನ್ರಿ ಅತ್ತ್ಯಾರ?"

ಅಹಲ್ಯಾ ಬಿದ್ದು ಬಿದ್ದು ನಕ್ಕಳು. ಗಂಗೂಬಾಯಿಗೂ ನಗು ಬಂತು, ಆದರೆ ನುಂಗಿಕೊಂಡರು. ನನಗಾದದ್ದು ನನ್ನ ಮಗಳಿಗೆ ಆಗುವುದು ಬೇಡ ಎಂದು ಎದ್ದು ಹೋದರು. ಏನಾಗಿತ್ತೆಂದು ಮಾತ್ರ ಹೇಳಲಿಲ್ಲ.

ಅದು ಹೊರಬಿದ್ದದ್ದು ಅವರ ಅಡುಗೆಮನೆಯಲ್ಲಿ ನಾವೆಲ್ಲ ಸೇರಿ ಮೆಣಸಿನಕಾಯಿ ಹುರಿಯುವಾಗ. ಘಾಟಿಗೆ ನಾವೆಲ್ಲ ಸೀನಿದೆವು. ಗಂಗೂಬಾಯಿ ಮಾತ್ರ ಸೀರೆಯ ನಿರಿಗೆ ಹಿಡಿದು ಬಚ್ಚಲಿಗೆ ಓಡಿದರು. ನಾನು ಗಮನಿಸಲಿಲ್ಲ, ಅಮಿತಾ ಗಮನಿಸಿದಳು. ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದಳು.

"ಇದು ಯಾವಾಗಿಂದ ಐತ್ರಿ?"

ಗಂಗೂಬಾಯಿ ಒಲೆ ಆರಿಸಿ ಕೂತರು. ಆಮೇಲೆ ಹೇಳಿದರು. ಅಹಲ್ಯಾ ಹುಟ್ಟುವಾಗ ಇಬ್ಬರು ಸೇರಿ ಮೊಣಕೈಯಿಂದ ಅವರ ಹೊಟ್ಟೆ ಒತ್ತಿದ್ದರು. ಅಂದಿನಿಂದ ಕೆಮ್ಮಿದರೆ, ಸೀನಿದರೆ ಮೂತ್ರ ತಡೆಯುವುದಿಲ್ಲ. ಹಡೆದವಳಿಗೆ ಇದೆಲ್ಲ ಇದ್ದದ್ದೇ ಎಂದು ಹಿರಿಯರು ಬಾಯಿ ಮುಚ್ಚಿಸಿದ್ದರು. ಪ್ರತಿ ಜನವರಿ ಮನೆಯ ಹತ್ತಿರವೇ ನುಮಾಯಿಷ್ ನಡೆಯುತ್ತದೆ, ಊರಿಗೆ ಊರೇ ಆ ಜಾತ್ರೆಯಂಥ ಬಜಾರಿಗೆ ಬರುತ್ತದೆ. ಗಂಗೂಬಾಯಿ ಕಾಲಿಟ್ಟವರಲ್ಲ. ಗದ್ದಲ ಆಗಿಬರುವುದಿಲ್ಲ ಅನ್ನುತ್ತಿದ್ದರು, ನಾವೂ ನಂಬಿದ್ದೆವು. ನಿಜವಾದ ಕಾರಣ ಇದು ಎಂದು ಆಗ ತಿಳಿಯಿತು.

ಅಮಿತಾ ಅತ್ತೆಯ ಪಕ್ಕ ಕೂತಳು.

"ನಾನೂ ಎಷ್ಟೋ ಮಂದಿ ಹೊಟ್ಟಿ ಒತ್ತೀನ್ರಿ ಅತ್ತ್ಯಾರ. ಒಳ್ಳೇದಾಗತೈತಿ ಅಂತ ತಿಳದ ಒತ್ತೀನಿ. ಅದನ್ನ ಬಿಡಾಕ ಕಲಿಯಾಕತ್ತೀನಿ, ಅದಕ್ಕ ಈ ತರಬೇತಿ."

ಮರುದಿನ ಗಂಗೂಬಾಯಿಯೇ ಆ ಎಲುಬನ್ನು ಪಡಸಾಲೆಗೆ ತಂದಿಟ್ಟರು. ಅಹಲ್ಯಾ ಆಪರೇಷನ್ನಿನ ಹಟ ಬಿಟ್ಟು ಅಮಿತಾಳ ಆಸ್ಪತ್ರೆಗೇ ಹೋಗುವುದೆಂದು ನಿಶ್ಚಯವಾಯಿತು.

ನೋವು ಶುರುವಾದಾಗ ಗಂಗೂಬಾಯಿಯೂ ಹೆರಿಗೆ ಕೋಣೆಯೊಳಗೆ ಹೋದರು. ಮೇಡಂ ಎದುರಿಗಿದ್ದರು, ಡಾಕ್ಟರು ಪಕ್ಕದ ಕೋಣೆಯಲ್ಲಿದ್ದರು. ಅಹಲ್ಯಾ ಓಡಾಡಿದಳು, ಕೂತಳು, ಅವ್ವನ ಹೆಗಲಿಗೆ ಜೋತುಬಿದ್ದಳು. ಗಂಗೂಬಾಯಿ ಬೆನ್ನು ತಿಕ್ಕಿದರು, ನೀರು ಕುಡಿಸಿದರು. ಹೊತ್ತು ಹೋಯಿತು, ಕೂಸು ಬರಲಿಲ್ಲ. ಮಗಳ ನರಳಾಟ ನೋಡಲಾಗದೆ ಕಡೆಗೆ ಅವರೇ ಸೊಸೆಗೆ ಅಂಗಲಾಚಿದರು.

"ಒಂದೀಟು ಒತ್ತವಾ ಅಮಿತಾ. ಸಾಯತಾಳ ನನ್ನ ಮಗಳು."

ಅಮಿತಾ ಆಮೇಲೆ ನನಗೆ ಹೇಳಿದಳು, ಆ ಕ್ಷಣ ಕೈ ಹೊರಟೇಬಿಟ್ಟಿತ್ತಂತೆ. ಅವಳು ಕೈಯನ್ನು ಹಿಂದೆ ಕಟ್ಟಿಕೊಳ್ಳಲಿಲ್ಲ, ಅತ್ತೆಯ ಕೈಯೊಳಗೆ ಇಟ್ಟಳು.

"ಈಗಷ್ಟ ಕೂಸಿನ ಎದಿಬಡಿತ ಕೇಳೀನ್ರಿ, ಸರಿ ಐತಿ. ಅಹಲ್ಯಾನೂ ಆರಾಮ ಅದಾಳ. ಏನರ ಹೆಚ್ಚುಕಡಿಮಿ ಆದ್ರ ಡಾಕ್ಟರು ಇಲ್ಲೇ ಅದಾರ. ಗಟ್ಟಿ ಹಿಡಕೋರಿ."

ಗಂಗೂಬಾಯಿ ಹಿಡಿದುಕೊಂಡರು. ಅಮಿತಾ ಮತ್ತೆ ಕೂಸಿನ ಬಡಿತ ಕೇಳಲು ಕೈ ಬಿಡಿಸಿಕೊಳ್ಳಬೇಕಾಯಿತು, ಅಷ್ಟು ಬಿಗಿ. ಇನ್ನಷ್ಟು ಹೊತ್ತಾದ ಮೇಲೆ, ಅವ್ವನಿಗೆ ಆತುಕೊಂಡು ಕೂತಲ್ಲೇ, ಅಹಲ್ಯಾ ಹೆಣ್ಣು ಕೂಸನ್ನು ಹಡೆದಳು. ಕೂಸನ್ನು ಕೂಡಲೇ ಅವಳ ಎದೆಯ ಮೇಲೆ ಮಲಗಿಸಿದರು.

ಬಾಣಂತನ ಮುಗಿಯುವ ಮೊದಲೇ ಅಮಿತಾ ಅತ್ತೆಯನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ದಿನಾ ಮಾಡಬೇಕಾದ ವ್ಯಾಯಾಮ ಹೇಳಿಕೊಟ್ಟರು, ಬಿಡದೆ ಮಾಡಿದ್ದಕ್ಕೆ ಬಹಳ ಮಟ್ಟಿಗೆ ಗುಣವಾಯಿತು. ಮುಂದಿನ ಜನವರಿಯಲ್ಲಿ ಗಂಗೂಬಾಯಿ ಮೊಮ್ಮಗಳನ್ನು ಎತ್ತಿಕೊಂಡು ನುಮಾಯಿಷಿಗೆ ಹೊರಟರು. ಗೇಟಿನ ಹತ್ತಿರ ಪರಿಚಯದವರೊಬ್ಬರು ಸೊಸೆ ಏನು ಮಾಡುತ್ತಾಳೆಂದು ಕೇಳಿದಾಗ "ಸೂಲಗಿತ್ತಿ ಅದಾಳ್ರಿ, ಓದಿದ ಸೂಲಗಿತ್ತಿ" ಅಂದರು. ನಾನು ಜೊತೆಯಲ್ಲೇ ಇದ್ದೆ, ಅವರ ದನಿ ಸಣ್ಣದಾಗಿರಲಿಲ್ಲ.

ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ತಪಾಸಣೆ ತಪ್ಪಿಸಬೇಡಿ. ತರಬೇತಿ ಪಡೆದ ಮಿಡ್‌ವೈಫ್ ಇದ್ದಾರೆಯೇ, ನಮ್ಮವರೊಬ್ಬರು ಒಳಗೆ ಜೊತೆಗಿರಬಹುದೇ ಎಂದು ಆಸ್ಪತ್ರೆಯಲ್ಲಿ ಮೊದಲೇ ಕೇಳಿ. ರಕ್ತ ಹೋದರೆ, ಫಿಟ್ಸ್ ಬಂದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಓಡಿ. ಗಂಗೂಬಾಯಿಗಿದ್ದ ತೊಂದರೆ ನಿಮಗಿದ್ದರೆ ಮುಚ್ಚಿಡಬೇಡಿ, ಅದಕ್ಕೆ ಔಷಧೋಪಚಾರ ಇದೆ. ಹೆರಿಗೆ ಕೋಣೆಯಲ್ಲಿ ಕೂಸನ್ನು ನೂಕಲೆಂದು ಯಾರಾದರೂ ಹೊಟ್ಟೆ ಒತ್ತಲು ಬಂದರೆ, ಬೇಡ ಅನ್ನಿ. ನಿಮ್ಮ ಕೈ ಖಾಲಿ ಇದ್ದರೆ ಹಡೆಯುವವಳ ಕೈ ಹಿಡಿದುಕೊಳ್ಳಿ.