ಮೊದಲೇ ಒಣಗಿದ ಬಣ್ಣ

ಗೋಡೆ ಹತ್ತುತ್ತಿದ್ದಾರೆ, ಪಕ್ಕದ ಹುಡುಗಿಯ ಫೋನಿನೊಳಗೆ, ಯಾವ ದೇಶದವರೋ ಏನೋ, ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಕಾಲಿಟ್ಟು, ದೊಡ್ಡ ಕಂಬಗಳ ಸರ್ಕಾರಿ ಕಟ್ಟಡ, ಕೋಟು ತೊಟ್ಟವನೊಬ್ಬ ಗಂಟಲು ಹರಿದುಕೊಂಡು ಕೇಳುತ್ತಿದ್ದಾನೆ, ಏ ದಂಗಾ ಹೈ ಯಾ ತಖ್ತಾಪಲಟ್ — ಅವರಿವರನ್ನು ಯಾಕೆ ಕೇಳುತ್ತೀಯಪ್ಪ, ನನ್ನನ್ನು ಕೇಳು, ಕೂಲಿ ನಾಕಾದ ಚಂದ್ರಬಾಯಿಯನ್ನು ಕೇಳು, ಎರಡಕ್ಕೂ ಏನು ಫರಕು ಎಂದು ಭಾನುವಾರದಿಂದ ನನಗೆ ಬೇರೆ ಯೋಚನೆಯೇ ಇಲ್ಲ, ವಕೀಲೆ ಗಗನಾ ಆ ತಖ್ತಾಪಲಟ್‌ಗೆ ಕನ್ನಡದಲ್ಲಿ ಕ್ಷಿಪ್ರಕ್ರಾಂತಿ ಅನ್ನುತ್ತಾಳೆ, ನನಗೆ ನಾಲಿಗೆ ಹೊರಳುವುದಿಲ್ಲ, ನಾನು ಕುರ್ಚಿ ಕಸಿಯುವುದು ಅನ್ನುತ್ತೇನೆ — ಲೋಕಲ್ ಗಾಡಿ ನಿಂತಿತು, ಠಾಕುರ್ಲಿ ಬಿಟ್ಟು ಕಲ್ಯಾಣ ಮುಟ್ಟುವ ಮೊದಲು ಸಿಗ್ನಲ್ಲಿನಲ್ಲಿ ನಿಲ್ಲದ ಗಾಡಿ ಎಲ್ಲಿದೆ, ನಿಲ್ಲಲಿ, ತೊಡೆಯ ಮೇಲೆ ಡಬ್ಬಿ ಇನ್ನೂ ಬಿಸಿಯಿದೆ, ಜೋಳದ ನುಚ್ಚು, ಮಜ್ಜಿಗೆ ಬೇರೆ ಬಾಟಲಿಯಲ್ಲಿ, ನಮ್ಮವರಿಗೆ ರೊಟ್ಟಿ ಅಗಿಯಲಾಗುವುದಿಲ್ಲ, ಅಗಿದರೆ ತಲೆಯ ಹೊಲಿಗೆ ಎಳೆಯುತ್ತದೆಯಂತೆ. ಅವರು ಆಸ್ಪತ್ರೆಯಲ್ಲಿ, ನಾನು ಪೊಲೀಸರ ಕಾಗದದಲ್ಲಿ, ಆ ಪೃಥ್ವಿರಾಜ್ ನನ್ನ ಕುರ್ಚಿಯಲ್ಲಿ.

ನನ್ನ ಕುರ್ಚಿ ಎಂದರೆ ಪ್ಲಾಸ್ಟಿಕ್ಕಿನದು, ಒಂದು ಕಾಲು ಸೊಟ್ಟ, ಆದರೂ ನನ್ನದು, ಬೆಳಿಗ್ಗೆ ನಾಕಾದಲ್ಲಿ ಕೂಲಿಗೆ ನಿಲ್ಲುವ ವಿಜಯಪುರದವರು, ಕಲಬುರಗಿಯವರು, ರಾಯಚೂರಿನವರು ನಮ್ಮ ಸಂಘಕ್ಕೆ ನೀನೇ ಅಧ್ಯಕ್ಷೆ ಎಂದು ಕೈ ಎತ್ತಿ ಕೊಟ್ಟದ್ದು, ಕಾಗದಕ್ಕೆ ಸಂಘದ ಶಿಕ್ಕಾ, ಮೊಹರು, ಬಿದ್ದರೆ ತಾನೇ ಕೂಲಿಯವನಿಗೆ ಕೆಲಸದ ದಾಖಲೆ, ದಾಖಲೆ ಇದ್ದರೆ ತಾನೇ ಮಕ್ಕಳ ಶಾಲೆಗೆ ಸರ್ಕಾರದ ಸಹಾಯ, ಆ ಶಿಕ್ಕಾ ಯಾರ ಕೈಯಲ್ಲಿದೆಯೋ ನಾಕಾದ ಓಟು ಅವರ ಕೈಯಲ್ಲಿ, ಅದು ಅವನಿಗೆ ಗೊತ್ತು, ಕಾಂಟ್ರಾಕ್ಟರ್ ಪೃಥ್ವಿರಾಜ್‌ಗೆ, ನಗರಸೇವಕ, ಕಾರ್ಪೊರೇಟರ್ ಆಗುವ ಹುಚ್ಚು ಹಿಡಿದವನಿಗೆ, ರಾಯಚೂರಿನವರ ಮಗ, ಕನ್ನಡದಲ್ಲಿ ಬೈದರೂ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ, ನನ್ನ ಮನೆಯಲ್ಲಿ ಕೂತು ಪುಂಡಿಪಲ್ಲೆ ನೆಕ್ಕಿಕೊಂಡು ತಿಂದವನು. ಭಾನುವಾರ ಸಂಘದ ಖೋಲಿಯೊಳಗೆ ಸಭೆಯಲ್ಲಿ ನಾನು ಬಾಯಿ ತೆರೆದಿದ್ದೆನಷ್ಟೇ, ಹಿಂದಿನಿಂದ ಒಂದು ಕುರ್ಚಿ ಹಾರಿ ಬಂತು, ಆಮೇಲೆ ಯಾರು ಯಾರನ್ನು ಹೊಡೆದರೋ, ನಾನೂ ಚಪ್ಪಲಿ ಕೈಗೆ ತೆಗೆದುಕೊಂಡೆ, ಸುಳ್ಳು ಯಾಕೆ ಹೇಳಲಿ, ಇಬ್ಬರಿಗೆ ಬಿತ್ತು ಕೂಡ, ಗುಣಪಾಲನ ಚಹಾದ ಗಾಡಿ ಉರುಳಿತು, ಬಿಸ್ಕೀಟಿನ ಬರಣಿಗಳೆಲ್ಲ ಚೂರು, ಟ್ಯೂಬ್‌ಲೈಟು ಚೂರು, ಆದರೆ ಸಂಘದ ಕಪಾಟಿಗೆ ಒಂದು ಗೀರು ಬೀಳಲಿಲ್ಲ, ಅದರ ಬಾಗಿಲು ತೆಗೆದು ಶಿಕ್ಕಾ ಒಂದನ್ನೇ ಎತ್ತಿಕೊಂಡು ಹೋದರು. ಪೊಲೀಸರು ನಮ್ಮನ್ನು ಹೊರಗೆ ತಳ್ಳಿದರು, ನಾನು ತಿರುಗಿ ನೋಡುವಷ್ಟರಲ್ಲಿ ಖೋಲಿಗೆ ಹೊಸ ಬೀಗ, ಅವನ ಕೊರಳಿಗೆ ಚೆಂಡುಹೂವಿನ ಹಾರ, ಹೊಡೆದಾಟಕ್ಕೆ ಯಾರಾದರೂ ಹಾರ ತರುತ್ತಾರೆಯೇ, ಬಾಗಿಲ ಮೇಲೆ ಹೊಸ ಬೋರ್ಡು, ನೀಲಿ ಅಕ್ಷರ, ಅಧ್ಯಕ್ಷ ಪೃಥ್ವಿರಾಜ್, ನಾನು ಜನರನ್ನು ನೂಕಿಕೊಂಡು ಹೋಗಿ ತುದಿಗಾಲಲ್ಲಿ ನಿಂತು ಬೆರಳಿನಿಂದ ಒತ್ತಿದೆ, ಬಣ್ಣ ಹತ್ತಲಿಲ್ಲ. ಒಣಗಿತ್ತು. ಆಯಿಲ್ ಪೇಂಟು, ಒಣಗಲು ಒಂದು ದಿನವಾದರೂ ಬೇಕು. ಮಾವಶಿ, ಟೆನ್ಶನ್ ಮತ್ ಲೋ, ಅಬ್ ಮೈ ಸಂಭಾಲ್ ಲೂಂಗಾ ಎಂದ, ಮಾವಶಿ ಅಂತೆ, ಚಿಕ್ಕಮ್ಮ ಅಂತೆ, ಆ ಬಾಯಿಗೆ ಮಣ್ಣು ಹಾಕ.

ಆಮೇಲೆ ಕೆಳಗೆ ನೋಡಿದೆ, ನಮ್ಮವರು ಅದೇ ಬಾಗಿಲ ಬುಡದಲ್ಲಿ ಬಿದ್ದಿದ್ದರು, ಎಲ್ಲಿಂದಲೋ ಬಂದ ಇಟ್ಟಿಗೆ, ಕಣ್ಣೆಲ್ಲ ರಕ್ತ, ನಮ್ಮ ಹಳೆಯ ಬೋರ್ಡನ್ನು ಎದೆಗೆ ಅವಚಿಕೊಂಡಿದ್ದರು, ಕೆಂಪು ಅಕ್ಷರದ್ದು, ಸಂಘ ಶುರುವಾದಾಗ ಅವರೇ ಕೈಯಾರೆ ಬರೆದದ್ದು, ಪ್ರಾಣ ಹೋದರೂ ನನ್ನ ಹೆಸರು ಕಿತ್ತೆಸೆಯಲು ಬಿಡಲಿಲ್ಲ, ಅಂಬುಲೆನ್ಸಿನಲ್ಲಿ ಅಳು ತಡೆಯಲಾಗಲಿಲ್ಲ, ಎಂಥ ಗಂಡನನ್ನು ಕೊಟ್ಟೆಯಪ್ಪ ಎಂದು ದೇವರಿಗೆ ಕೈ ಮುಗಿದೆ. ಎಂದೂ ಹೆಚ್ಚು ಮಾತಾಡದವರು. ಊರಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ನಾನು ಇಲ್ಲಿ ಸಭೆಯಲ್ಲಿ ಹಾಜರಿ ಕೂಗುವಾಗ ಎಲ್ಲರಂತೆ ಅವರನ್ನೂ ಕೂಗುತ್ತಿದ್ದೆ, ಮಾನಪ್ಪ ಎಂದು, ಮಾನಪ್ಪ, ನೀರು ತಾ ಎಂದು ಕೂಡ, ಎಲ್ಲರೂ ನಗುತ್ತಿದ್ದರು, ಅವರೂ ನಗುತ್ತಿದ್ದರು, ನೀರು ತರುತ್ತಿದ್ದರು. ಪೊಲೀಸರು ಬರೆದುಕೊಂಡದ್ದು ದಂಗೆ ಎಂದು, ಎರಡು ಗುಂಪಿನ ಹೊಡೆದಾಟ, ಮೊದಲನೆಯ ಹೆಸರು ನನ್ನದೇ. ಗಗನಾ ಖಾರಘರದ ತನ್ನ ಆಫೀಸಿನಲ್ಲಿ ಕೂರಿಸಿ ಹೇಳಿದಳು, ಮೈಸೂರಿನ ಕಡೆಯ ಮೆತ್ತಗಿನ ಮಾತು, ನೋಡಿ ಚಂದ್ರಬಾಯಿಯವರೇ, ದಂಗೆ ಮಾಡೋರಿಗೆ ನಾಳೆ ಏನು ಅಂತ ಗೊತ್ತಿರಲ್ಲ, ಅಧಿಕಾರ ಕಿತ್ಕೊಳ್ಳೋಕೆ ಬಂದೋರು ನಾಳೆಯನ್ನ ಜೊತೇಲೇ ತಂದಿರ್ತಾರೆ, ಆ ಬೋರ್ಡ್ ಬರೆದವನನ್ನ ಹುಡುಕಿ, ಯಾವಾಗ ಬರೆದೆ, ಯಾರು ಹೇಳಿದ್ರು ಅಂತ ಅವನೊಂದು ಹೇಳಿಕೆ ಕೊಟ್ರೆ ಸಾಕು, ಒಳಸಂಚು ಅಂತ ಆಗುತ್ತೆ, ನಿಮ್ಮ ಮೇಲಿನ ಕೇಸೂ ಬಿದ್ದು ಹೋಗುತ್ತೆ, ಆದ್ರೆ ಅವನೂ ಸಿಕ್ಕಿಹಾಕ್ಕೋತಾನೆ. ಸಿಕ್ಕಿಹಾಕಿಕೊಳ್ಳಲಿ.

ಸಿಗಲಿ ಅವನು. ಪೃಥ್ವಿರಾಜ್‌ನನ್ನು ಏನು ಮಾಡಬೇಕೆಂದು ಆಗಲೇ ಇಟ್ಟುಕೊಂಡಿದ್ದೇನೆ, ಜೈಲಿನಿಂದ ಬಂದ ಮೇಲೆ ಅವನು ನಾಕಾದಲ್ಲಿ ಬುತ್ತಿ ಹಿಡಿದು ನಿಲ್ಲಬೇಕು, ಬಿಸಿಲೇರುವ ತನಕ ಯಾರೂ ಅವನನ್ನು ಕೆಲಸಕ್ಕೆ ಕರೆಯಬಾರದು, ಕೊನೆಗೆ ನಾನೇ ಕರೆಯಬೇಕು, ಲಿಫ್ಟಿಲ್ಲದ ಕಟ್ಟಡದಲ್ಲಿ ಉಸುಕು ಹೊರಿಸಬೇಕು, ಅಂಗೈ ಬೊಬ್ಬೆ ಬಂದು ಒಡೆಯಬೇಕು, ಆಗ ಕೇಳುತ್ತೇನೆ, ಹೇಗಿದೆಯಪ್ಪ ಸಂಭಾಳಿಸುವುದು ಎಂದು. ಅವನಿಗಿಂತ ಆ ಬರೆದವನ ಮೇಲೆಯೇ ನನಗೆ ಹೊಟ್ಟೆ ಉರಿಯುವುದು, ಅವನು ನಮ್ಮಂತೆ ಕೂಲಿಯವನೇ ಇರಬೇಕು, ನನ್ನ ಹೆಸರಿನ ಜಾಗದಲ್ಲಿ ಇನ್ನೊಬ್ಬನ ಹೆಸರು ಎಷ್ಟು ನಿಧಾನಕ್ಕೆ, ಎಷ್ಟು ಚಂದಕ್ಕೆ ಬರೆದಿದ್ದಾನೆ, ಸಿಟ್ಟಿನಲ್ಲಿ ಕುರ್ಚಿ ಎಸೆದವರನ್ನು ಕ್ಷಮಿಸಿಯೇನು, ಅವನನ್ನಲ್ಲ, ಆ ಕೈಯನ್ನು ಹಿಡಿದು ಕುದಿಯುವ ಸುಣ್ಣದ ನೀರಿನಲ್ಲಿ ಅದ್ದುತ್ತೇನೆ, ನಿನ್ನೆ ಆಸ್ಪತ್ರೆಯಲ್ಲಿ ನಮ್ಮವರ ಮುಂದೆ ಇದನ್ನೇ ಹೇಳಿದೆ, ಅವರು ಗೋಡೆಯ ಕಡೆ ಹೊರಳಿದರು, ಬರದಾಂವನ್ನ ಬಿಡು ಚಂದ್ರಿ, ಅಂವ ಹೊಟ್ಟಿಪಾಡಿಗೆ ಬರದಿರ್ತಾನ, ಆಗಿದ್ದ ಆತು, ಕೇಸ್ ಗೀಸ್ ಬ್ಯಾಡ ಇನ್ನ. ತಲೆ ಒಡೆಸಿಕೊಂಡವರೇ ಹೀಗೆ ಹೇಳುತ್ತಾರಲ್ಲ, ಎಷ್ಟು ಒಳ್ಳೆಯ ಮನಸ್ಸು ಎಂದುಕೊಂಡೆ, ಒದ್ದೆ ಬಟ್ಟೆಯಿಂದ ಅವರ ಕೈ ಒರೆಸಿದೆ, ಹೆಬ್ಬೆರಳ ಉಗುರಿನ ಸಂದಿಯಲ್ಲಿ ನೀಲಿ, ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿರಬೇಕು ಎಂದಳು ನರ್ಸಮ್ಮ, ಪಾಪ, ಎಲ್ಲೆಲ್ಲಿ ಹೊಡೆದಿದ್ದಾರೋ.

ಗಾಡಿ ಇನ್ನೂ ಅಲುಗಿಲ್ಲ, ಹುಡುಗಿ ವಿಡಿಯೊ ಬದಲಿಸಿ ಯಾರದೋ ಮದುವೆಯ ಮೆಹಂದಿ ನೋಡುತ್ತಿದ್ದಾಳೆ, ನಾನೂ ಫೋನು ತೆಗೆದೆ, ಬೆಳಿಗ್ಗೆ ಗುಣಪಾಲ ಬೋರ್ಡಿನ ಫೋಟೊ ಕಳಿಸಿದ್ದಾನೆ, ನೋಡು ಅಕ್ಕಾ, ನಿನಗ ಗುರ್ತ ಸಿಗ್ತದೇನು ಎಂದು, ಎರಡು ಬೆರಳಿನಿಂದ ದೊಡ್ಡದು ಮಾಡಿದೆ, ಅಧ್ಯಕ್ಷ, ಕಾರ್ಯದರ್ಶಿ ಎಂಬಲ್ಲಿ ಹೆಸರಿದೆ, ಉಪಾಧ್ಯಕ್ಷ ಎಂಬಲ್ಲಿ ಮಾತ್ರ ಇಲ್ಲ, ಖಾಲಿ ಬಿಟ್ಟಿದ್ದಾರೆ, ಯಾರಿಗಾಗಿಯೋ ಏನೋ, ಕೆಳಗೊಂದು ಗೆರೆ, ಗೆರೆಯ ತುದಿ ಮೇಲಕ್ಕೆ ಸುರುಳಿ ಸುತ್ತಿ, ಸುರುಳಿಯ ಒಳಗೊಂದು ಚುಕ್ಕೆ — ಈ ಚುಕ್ಕೆ — ಇದು ನಮ್ಮ ಮನೆಯ ಬಾಗಿಲಲ್ಲಿದೆ, ಮಗಳ ಟ್ರಂಕಿನ ಮೇಲಿದೆ, ಹಳೆಯ ಬೋರ್ಡಿನಲ್ಲಿ ನನ್ನ ಹೆಸರಿನ ಕೆಳಗೆ ಕೆಂಪಿನಲ್ಲಿದೆ, ಏನ್ರೀ ಇದು ಎಂದು ಕೇಳಿದ್ದೆ, ದೃಷ್ಟಿ ತಾಗಬಾರದು ಅಂತ ಎಂದಿದ್ದರು ನಮ್ಮವರು, ಬ್ರಷ್ಷನ್ನು ಹೀಗೆ ಹೆಬ್ಬೆರಳಿನಿಂದ ಒರೆಸುತ್ತಾ — ಹೆಬ್ಬೆರಳು — ನಾನು ಆ ಉಗುರನ್ನು ಒತ್ತಿ ಒರೆಸಿದ್ದೆ, ಜೋರಾಗಿಯೇ, ಅವರು ಹಾ ಎನ್ನಲಿಲ್ಲ, ಹೆಪ್ಪುಗಟ್ಟಿದ ರಕ್ತ ನೋಯದೆ ಇರುತ್ತದೆಯೇ, ನೀಲಿ ಹೋಗಲೂ ಇಲ್ಲ, ಹಳೆಯ ಬೋರ್ಡನ್ನು ಎದೆಗೆ ಅವಚಿಕೊಂಡದ್ದಲ್ಲ ಅದು, ಇಳಿಸಿದ್ದು, ಅಲ್ಲಿ ಒಳಗೆ ಎಲ್ಲರೂ ಬಡಿದಾಡುತ್ತಿರುವಾಗ ಹೊರಗೆ ಮೊಳೆಯಿಂದ ನನ್ನ ಹೆಸರನ್ನು ಇಳಿಸುತ್ತಿದ್ದಾಗಲೇ ಇಟ್ಟಿಗೆ ಬಿದ್ದದ್ದು, ಮಾನಪ್ಪ, ನೀರು ತಾ, ನಗುತ್ತಿದ್ದರಲ್ಲ, ಎಲ್ಲರ ಜೊತೆ ನಗುತ್ತಿದ್ದನಲ್ಲ, ಉಪಾಧ್ಯಕ್ಷ, ಖಾಲಿ — ಗಾಡಿ ಜಗ್ಗಿತು, ಹೊರಟಿತು, ಡಬ್ಬಿ ಜಾರಿತು, ಹಿಡಿದುಕೊಂಡೆ, ಬಿಸಿ, ಇದನ್ನು ತಿನ್ನಿಸಬೇಕಾದ ಬಾಯಿ, ಒರೆಸಬೇಕಾದ ಕೈ, ಸುಣ್ಣದ ನೀರು ಎಂದು ನಾನು ಹೇಳಿದ ಕೈ, ಫೋನು ಬಡಿದುಕೊಳ್ಳುತ್ತಿದೆ, ಗಗನಾ, ಕಿವಿಗೆ ಹಿಡಿದೆ, ಕಲ್ಯಾಣ ಬಂತು ಎಂದು ಹೆಂಗಸರೆಲ್ಲ ಬಾಗಿಲಿಗೆ ಒತ್ತುತ್ತಿದ್ದಾರೆ, ಚಲಾ ಚಲಾ, ಉತರಾ, ಚಂದ್ರಬಾಯಿಯವರೇ, ಏನಾದ್ರೂ ಗೊತ್ತಾಯ್ತಾ, ಪೇಂಟರ್ ಸಿಕ್ಕಿದ್ನಾ, ಹೇಳುವುದೋ ಬೇಡವೋ ಎಂದು ನಾನು ಯೋಚಿಸುವ ಮೊದಲೇ ನನ್ನ ಬಾಯಿ ಹೇಳಿಬಿಟ್ಟಿದೆ, ಸಿಕ್ಕಾನ್ರಿ, ಯಾರು, ಎಲ್ಲಿದ್ದಾನೆ, ಹೆಸರು ಹೇಳಿ, ಹೆಸರು — ಊರಲ್ಲಿ ಹೆಂಗಸರು ಹೇಳುವುದಿಲ್ಲ — ಉಗುರು, ಒತ್ತಿದರೂ ನೋಯದ ಉಗುರು, ಅದರ ಸಂದಿಯಲ್ಲಿ ನೀಲಿ.