ಕಣ್ಣು ತೆರೆದ ಫೋಟೋ

ಒಂದಾನೊಂದು ಕಾಲಕ್ಕೆ, ಹುಮನಾಬಾದಿನಲ್ಲಿ, ಒಬ್ಬ ಹುಡುಗಿ ತನ್ನ ಅಜ್ಜಿಗೆ ಕಣ್ಣು ತೆರೆದ ಫೋಟೋ ತೆಗೆದುಕೊಡುವುದಾಗಿ ಮಾತು ಕೊಟ್ಟಳು. ಆ ಹುಡುಗಿ ನಾನೇ.

ಕ್ಯಾಮೆರಾ ಕಂಡರೆ ಅಜ್ಜಿ, ನಮ್ಮ ಆಯಿ, ದೇವರ ಮುಂದೆ ನಿಂತಂತೆ ಕೈಮುಗಿದು ಕಣ್ಣು ಮುಚ್ಚುತ್ತಿದ್ದಳು. ಆಮೇಲೆ ಫೋಟೋ ನೋಡಿ, “ಇದು ಹೆಣದ್ದು, ಗ್ವಾಡಿಗೆ ಹಾಕಬ್ಯಾಡ್ರಿ,” ಅನ್ನುವಳು. ನಾನು ಪುಸ್ತಕ ಓದಿ, ಬೆಳಕು ನೋಡಿ ತೆಗೆದದ್ದೂ ಹಾಗೇ ಆಯಿತು.

ಅದನ್ನು ನೋಡಿ ಫೋಟೋ ಸ್ಟುಡಿಯೋದ ವೈಜನಾಥ ಕಾಕಾ ನಕ್ಕ. “ಪುಸ್ತಕದಾಗ ನಿಮ್ಮ ಆಯಿ ಅದಾಳೇನು? ಕ್ಯಾಮೆರಾದಾಗ ರೋಲ್ ಹಾಕದೇ, ಆಕಿ ಮುಂದ ಕೂಡು. ಕಣ್ಣು ಯಾವಾಗ ಅರಳಸ್ತಾಳ, ನೋಡು.”

ಖಾಲಿ ಕ್ಯಾಮೆರಾ ಹಿಡಿದು ದಿನಾ ಕೂತೆ; ಬರಬರುತ್ತ ಅಜ್ಜಿ ಕ್ಯಾಮೆರಾ ಮರೆತು ಕತೆ ಹೇಳತೊಡಗಿದಳು. ಕತೆಯಲ್ಲಿ ರಾಕ್ಷಸಿ ಬಂದು ಬಾಗಿಲು ಬಡಿದಾಗ ಅಜ್ಜಿಯ ಕಣ್ಣುಗಳು ಅರಳುತ್ತಿದ್ದವು.

ರೋಲ್ ಹಾಕಿ ಕೇಳಿದೆ: “ಆಯಿ, ಬಾಗಿಲಾ ಬಡದಾಕಿ ಯಾರು?”

“ಗೊತ್ತಿದ್ದೂ ಕೇಳಾಕತ್ತೀಯಲ್ಲ, ಹುಚ್ಚಿ! ರಾಕ್ಷಸಿ!”

ಗುಂಡಿ ಒತ್ತಿದೆ.

ಫೋಟೋ ಬಂದ ದಿನ ಅಜ್ಜಿಯೇ ಗೋಡೆ ತೋರಿಸಿದಳು. ನಾನು ಮೊಳೆ ಹೊಡೆದು ತೂಗುಹಾಕಿದೆ.